ಮನಾಲಿಯಿಂದ ಲೇಹ್‌ಗೆ ಸೈಕಲ್ ದಾರಿ: ಐದು ಘಾಟಿಗಳು ಹೇಳುವ ಮಾತು

(ಬಳಗದ ಮಾಸಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಲೆನಾಡಿನವರಿಗೆ ಘಾಟಿ ಎಂಬ ಶಬ್ದ ಹೊಸದಲ್ಲ. ಆಗುಂಬೆ, ಹುಲಿಕಲ್, ಚಾರ್ಮಾಡಿ, ಶಿರಾಡಿ ಎಂದೊಡನೆ ತಿರುವುಗಳೂ ಮಂಜೂ ಕಣ್ಮುಂದೆ ಬರುತ್ತವೆ. ಆದರೆ ಈ ಘಾಟಿಗಳಿಗೆ ಇಳಿಯುವ ದಿಕ್ಕು ಒಂದೇ. ಮೇಲೆ ಮಲೆನಾಡು, ಕೆಳಗೆ ಕರಾವಳಿ. ದಾರಿಯಲ್ಲಿ ಮೈ ಕೈಕೊಟ್ಟರೆ ಇಳಿದುಬಿಟ್ಟರಾಯಿತು. ಗಂಟೆಯೊಳಗೆ ಊರು ಸಿಗುತ್ತದೆ, ವೈದ್ಯರು ಸಿಗುತ್ತಾರೆ. ಹಿಮಾಲಯದ ಘಾಟಿಯ ರೀತಿ ಬೇರೆ. ಲಡಾಖಿನ ಮಾತಿನಲ್ಲಿ ಅದಕ್ಕೆ ‘ಲಾ’ ಎಂಬ ಹೆಸರು. ಒಂದು ಲಾ ಏರಿ ಇಳಿದವನ ಮುಂದೆ ಇನ್ನೊಂದು ಲಾ ನಿಂತಿರುತ್ತದೆ. ಹಿಂದಿರುಗಬೇಕೆಂದರೆ ಏರಿ ಬಂದದ್ದನ್ನೇ ಮತ್ತೆ ಏರಬೇಕು. ಈ ಒಂದು ವ್ಯತ್ಯಾಸವನ್ನು ಅರಿಯದೆ ಹೊರಟ ಅನೇಕ ಸವಾರರು ತೊಂದರೆಗೆ ಸಿಲುಕಿದ್ದಾರೆ.

ಬಳಗದ ಕೆಲವು ಯುವಕ ಯುವತಿಯರು ಬರುವ ಬೇಸಗೆಯ ಕೊನೆಯಲ್ಲಿ ಮನಾಲಿಯಿಂದ ಲೇಹ್‌ವರೆಗೆ ಗುಡ್ಡಗಾಡು ಸೈಕಲ್ಲಿನಲ್ಲಿ ಹೋಗಬೇಕೆಂದು ಸಂಕಲ್ಪಿಸಿದ್ದಾರೆ. ಪರಿಸರದ ಹೆಸರಿನಲ್ಲಿ ಹೊರಡುವ ಯಾತ್ರೆ ಇದು. ಆದ್ದರಿಂದ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಅಗತ್ಯ. ಹೋದವರೆಲ್ಲರೂ ಕ್ಷೇಮವಾಗಿ ಮರಳುವುದು ಹೇಗೆ? ಅವರು ಹಾದುಹೋದ ನೆಲವೂ ಕ್ಷೇಮವಾಗಿ ಉಳಿಯುವುದು ಹೇಗೆ? ಇಂದಿನ ಮಾತು ಈ ಎರಡು ಪ್ರಶ್ನೆಗಳನ್ನು ಕುರಿತದ್ದು.

ದಾರಿಯ ಸ್ವರೂಪ

ಮನಾಲಿ ಸಮುದ್ರಮಟ್ಟದಿಂದ ಸುಮಾರು 2,050 ಮೀಟರ್ ಎತ್ತರದಲ್ಲಿದೆ. ಲೇಹ್ ಸುಮಾರು 3,500 ಮೀಟರ್. ನಡುವಿನ ಹಳೆಯ ರಸ್ತೆಯ ಉದ್ದ ಸುಮಾರು 475 ಕಿಲೋಮೀಟರ್. ಬಯಲುಸೀಮೆಯಲ್ಲಿ ಪಳಗಿದ ಸವಾರನಿಗೆ ಇದು ನಾಲ್ಕು ದಿನದ ಹಾದಿ. ಇಲ್ಲಿ ಒಂಬತ್ತು ಹತ್ತು ದಿನಗಳಾದರೂ ಬೇಕು. ಕಾರಣ ದೂರವಲ್ಲ, ಎತ್ತರ.

ಮೊದಲನೆಯದು ರೊಹ್ತಾಂಗ್, 3,978 ಮೀಟರ್. ಎರಡನೆಯದು ಬಾರಾಲಾಚಾ, ಸುಮಾರು 4,890 ಮೀಟರ್. ಮೂರನೆಯದು ನಕೀ ಲಾ, ಸುಮಾರು 4,740. ನಾಲ್ಕನೆಯದು ಲಾಚುಲುಂಗ್ ಲಾ, 5,060ರ ಆಸುಪಾಸು. ಕೊನೆಯದು ತಂಗ್ಲಾಂಗ್ ಲಾ; ಅಲ್ಲಿಯ ನಾಮಫಲಕದ ಪ್ರಕಾರ 17,582 ಅಡಿ, ಎಂದರೆ ಸುಮಾರು 5,300 ಮೀಟರಿಗೂ ಮೇಲೆ. ಈ ಐದರ ಏರನ್ನು ಮಾತ್ರ ಕೂಡಿದರೂ ಮೊತ್ತ 5,000 ಮೀಟರನ್ನು ದಾಟುತ್ತದೆ. ಸಣ್ಣಪುಟ್ಟ ಏರಿಳಿತಗಳ ಲೆಕ್ಕ ಬೇರೆ.

ರೊಹ್ತಾಂಗಿನ ದಕ್ಷಿಣದ ಮೈ ಮಲೆನಾಡಿನವರಿಗೆ ಪರಿಚಿತವೆನಿಸುವಂಥದು. ದೇವದಾರು ಕಾಡು, ಮಳೆ, ಕೆಸರು, ಮಂಜು. ಮುಂಗಾರಿನ ಮೋಡ ಅಲ್ಲಿಯವರೆಗೆ ಬಂದು ಬೆಟ್ಟಕ್ಕೆ ತಾಗಿ ಸುರಿದುಹೋಗುತ್ತದೆ. ನೆತ್ತಿಯನ್ನು ದಾಟಿ ಲಾಹೌಲಿಗೆ ಇಳಿದೊಡನೆ ಕಾಡು ಹಿಂದೆ ಉಳಿಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಲೇಹ್‌ನಲ್ಲಿ ಸುಮಾರು 100 ಮಿಲಿಮೀಟರ್. ಸವಾರನು ಹತ್ತು ದಿನಗಳಲ್ಲಿ ಒಂದು ಹವಾಮಾನದಿಂದ ಅದಕ್ಕೆ ತೀರ ವಿರುದ್ಧವಾದ ಇನ್ನೊಂದಕ್ಕೆ ಪೆಡಲು ತುಳಿದು ಹೋಗುತ್ತಾನೆ. ಈ ಮಾರ್ಗದ ದೊಡ್ಡ ಪಾಠಶಾಲೆ ಇದೇ.

ಚಂದ್ರಾ ಮತ್ತು ಭಾಗಾ ನದಿಗಳು ಕೂಡುವ ತಾಂಡಿ ಎಂಬ ಊರಿನಲ್ಲಿ ಒಂದು ಪೆಟ್ರೋಲ್ ಬಂಕ್ ಇದೆ. ಮುಂದಿನ ಬಂಕ್ 365 ಕಿಲೋಮೀಟರ್ ದೂರ ಎಂಬ ಫಲಕದಿಂದಾಗಿ ಅದು ಬಹುಕಾಲ ಪ್ರಸಿದ್ಧವಾಗಿತ್ತು. ಸೈಕಲ್ಲಿನವನಿಗೆ ಆ ಬಂಕಿನ ಗೊಡವೆ ಇಲ್ಲ. ಆದರೆ ಅವನ ಎಂಜಿನ್ನಿಗೂ ಇಂಧನ ಬೇಕು. ಆ ಇಂಧನವೆಂದರೆ ಅನ್ನ ಮತ್ತು ಪ್ರಾಣವಾಯು. ಮೇಲೆ ಹೋದಂತೆ ಎರಡೂ ದುರ್ಲಭ.

ಉಸಿರಿನ ಲೆಕ್ಕ

ಎತ್ತರದಲ್ಲಿ ಗಾಳಿಯೊಳಗಿನ ಆಮ್ಲಜನಕದ ಪಾಲು ಕಡಿಮೆಯಾಗುತ್ತದೆ ಎಂಬ ತಿಳಿವಳಿಕೆ ವ್ಯಾಪಕವಾಗಿದೆ. ಅದು ಸರಿಯಲ್ಲ. ಪಾಲು ಎಲ್ಲೆಡೆಯೂ ಶೇಕಡ 21ರಷ್ಟೇ. ಕಡಿಮೆಯಾಗುವುದು ಗಾಳಿಯ ಒತ್ತಡ. ತಂಗ್ಲಾಂಗ್ ಲಾದ ಮೇಲೆ ಒತ್ತಡವು ಸಮುದ್ರಮಟ್ಟದ ಅರ್ಧಕ್ಕಿಂತ ತುಸುವೇ ಹೆಚ್ಚು. ಎಂದರೆ ಒಂದು ಉಸಿರಿಗೆ ದಕ್ಕುವ ಪ್ರಾಣವಾಯು ಅರ್ಧದಷ್ಟು. ದೇಹ ಇದಕ್ಕೆ ಒಗ್ಗಿಕೊಳ್ಳಬಲ್ಲದು. ಉಸಿರಾಟ ಆಳವಾಗುತ್ತದೆ, ಮೂತ್ರಪಿಂಡಗಳು ರಕ್ತದ ಸಮತೋಲನವನ್ನು ತಿದ್ದುತ್ತವೆ, ಕೆಂಪು ಕಣಗಳು ನಿಧಾನವಾಗಿ ಹೆಚ್ಚುತ್ತವೆ. ಇದಕ್ಕೆಲ್ಲ ದಿನಗಳು, ಕೆಲವಕ್ಕೆ ವಾರಗಳು ಬೇಕು. ಕಾಲಿನ ಬಲದಿಂದ ಅದನ್ನು ಅವಸರಿಸಲಾಗದು.

ವೈದ್ಯಶಾಸ್ತ್ರ ಹೇಳುವ ಸೂತ್ರ ಸರಳ. 3,000 ಮೀಟರ್ ದಾಟಿದ ಮೇಲೆ ಮಲಗುವ ಸ್ಥಳದ ಎತ್ತರವನ್ನು ರಾತ್ರಿಯಿಂದ ರಾತ್ರಿಗೆ 500 ಮೀಟರಿಗಿಂತ ಹೆಚ್ಚಿಸಬಾರದು. ಮೂರು ನಾಲ್ಕು ದಿನಗಳಿಗೊಮ್ಮೆ ಒಂದು ದಿನ ಪೂರ್ಣ ವಿಶ್ರಾಂತಿ. ಹಗಲು ಎಷ್ಟು ಏರಿದರೂ ಚಿಂತೆ ಕಡಿಮೆ. ಮಲಗುವ ಎತ್ತರವೇ ಮುಖ್ಯ. ಈ ಸೂತ್ರವನ್ನು ಮನಾಲಿ–ಲೇಹ್ ದಾರಿಗೆ ಅನ್ವಯಿಸಿ ನೋಡಿದಾಗ ತೊಡಕು ಗೋಚರಿಸುತ್ತದೆ. ಕೇಲಾಂಗ್ ಸುಮಾರು 3,080 ಮೀಟರ್, ಜಿಸ್ಪಾ 3,200, ದಾರ್ಚಾ 3,360. ಇಲ್ಲಿಯವರೆಗೆ ಮೆಟ್ಟಿಲುಗಳು ಸರಿಯಾಗಿಯೇ ಇವೆ. ಅನಂತರ ಸವಾರರು ಸಾಮಾನ್ಯವಾಗಿ ತಂಗುವ ಜಿಂಗ್‌ಜಿಂಗ್‌ಬಾರ್ ಸುಮಾರು 4,270. ಒಂದೇ ನೆಗೆತಕ್ಕೆ 900 ಮೀಟರ್. ಆದುದರಿಂದ ನಡುವೆ ಪಟ್‌ಸೇವ್ ಬಳಿ ಒಂದು ರಾತ್ರಿ ಡೇರೆ ಹಾಕುವುದು, ಅದಕ್ಕೂ ಮೊದಲು ಕೇಲಾಂಗಿನಲ್ಲೋ ಜಿಸ್ಪಾದಲ್ಲೋ ಎರಡು ರಾತ್ರಿ ಕಳೆಯುವುದು ಜಾಣತನ. ಇದರಿಂದ ಪ್ರವಾಸಕ್ಕೆ ಎರಡು ದಿನ ಹೆಚ್ಚುತ್ತದೆ. ಆ ಎರಡು ದಿನಗಳನ್ನು ಉಳಿಸಹೋದವರೇ ಮುಂದೆ ಬೆಲೆ ತೆತ್ತಿರುವುದು.

ಏಕೆಂದರೆ ಬಾರಾಲಾಚಾ ದಾಟಿದವನು ಒಂದು ಬೋಗುಣಿಯೊಳಗೆ ಇಳಿಯುತ್ತಾನೆ. ಆ ಬೋಗುಣಿಯ ತಳವೇ 4,200 ಮೀಟರ್ ಎತ್ತರದಲ್ಲಿದೆ. ಸರ್ಚು ಸುಮಾರು 4,290 ಮೀಟರ್. ಅಲ್ಲಿ ರಾತ್ರಿ ಕಾಯಿಲೆ ಬಿದ್ದವರಿಗೆ ಇಳಿಯುವುದೇ ಮದ್ದು. ಆದರೆ ಇಳಿಯುವುದೆಲ್ಲಿಗೆ? ಹಿಂದೆ 4,890 ಮೀಟರಿನ ಬಾರಾಲಾಚಾ. ಮುಂದೆ ನಕೀ ಲಾ, ಅದರಾಚೆ 5,060 ಮೀಟರಿನ ಲಾಚುಲುಂಗ್ ಲಾ. ಇಳಿಯಬೇಕಾದವನು ಮೊದಲು ಏರಬೇಕು. ಪಾಂಗ್‌ನಲ್ಲಿ ಸೇನೆಯ ಶಿಬಿರವಿದೆ. ಆದರೆ ಅದೂ ಸುಮಾರು 4,600 ಮೀಟರಿನಲ್ಲಿದೆ. ತಂಗ್ಲಾಂಗ್ ಲಾ ದಾಟಿ ಸಿಂಧೂ ನದಿಯ ಕಡೆಗೆ ಇಳಿಯುವತನಕ, ಎಂದರೆ ಸುಮಾರು 200 ಕಿಲೋಮೀಟರ್, ನಾಲ್ಕು ಸಾವಿರ ಮೀಟರಿಗಿಂತ ಕೆಳಗೆ ತಲೆಯಿಡಲು ನೆಲವಿಲ್ಲ.

ಆದ್ದರಿಂದ ಹಿಂದಿರುಗುವ ತೀರ್ಮಾನವನ್ನು ಸರ್ಚುವಿನಲ್ಲಿ ಮಾಡಲಾಗದು. ಅದನ್ನು ಬಾರಾಲಾಚಾದ ಈಚೆಗೆ, ಜಿಂಗ್‌ಜಿಂಗ್‌ಬಾರ್‌ನ ಬೆಳಗಿನಲ್ಲಿಯೇ ಮಾಡಬೇಕು. ಅಲ್ಲಿಂದ ದಾರ್ಚಾಕ್ಕೆ ಇಳಿಯುವುದು ಸೈಕಲ್ಲಿಗೆ ಕೆಲವೇ ಗಂಟೆಗಳ ಮಾತು.

ಒಂದು ಸನ್ನಿವೇಶವನ್ನು ಊಹಿಸಿಕೊಳ್ಳಬಹುದು. ಆರು ಮಂದಿಯ ತಂಡ. ಬೆಳಗಿನ ಆರು ಗಂಟೆ. ಡೇರೆಯ ಮೇಲೆ ಹಿಮದ ಹರಳು. ಒಬ್ಬನಿಗೆ ರಾತ್ರಿಯೆಲ್ಲ ತಲೆನೋವು, ಊಟ ಸೇರಿಲ್ಲ, ಒಮ್ಮೆ ವಾಂತಿಯಾಗಿದೆ. ಆದರೆ ಅವನು ಹೇಳುವುದಿಲ್ಲ. ತನ್ನಿಂದ ಐವರ ಪ್ರಯಾಣ ಕೆಡುತ್ತದಲ್ಲ ಎಂಬ ಸಂಕೋಚ. ವರ್ಷವಿಡೀ ಕೂಡಿಟ್ಟ ಹಣ, ಕೇಳಿ ಪಡೆದ ರಜೆ, ಊರಿನಲ್ಲಿ ಮಾಡಿಸಿಕೊಂಡ ಸನ್ಮಾನ ಎಲ್ಲವೂ ಬಾಯಿ ಕಟ್ಟುತ್ತವೆ. ಉಳಿದವರೂ ಕೇಳುವುದಿಲ್ಲ, ಕೇಳಿದರೆ ಉತ್ತರ ಏನಿರುತ್ತದೆಂಬ ಅಂಜಿಕೆ ಅವರಿಗೂ ಇದೆ. ಹೀಗೆ ಆರು ಮಂದಿಯೂ ಸುಮ್ಮನೆ ಸೈಕಲ್ ಏರುತ್ತಾರೆ. ಎತ್ತರದ ಕಾಯಿಲೆಯ ಬಹುಪಾಲು ದುರಂತಗಳ ಬೀಜ ಈ ಮೌನದಲ್ಲಿದೆ.

ತಲೆನೋವಿನ ಜೊತೆಗೆ ಹಸಿವಿಲ್ಲದಿರುವಿಕೆ, ಓಕರಿಕೆ, ತಲೆಸುತ್ತು, ಅತಿಯಾದ ಬಳಲಿಕೆ ಕಂಡರೆ ಅದು ಎತ್ತರದ ಕಾಯಿಲೆಯ ಮೊದಲ ಹಂತ. ಏರುವುದನ್ನು ಅಲ್ಲಿಗೇ ನಿಲ್ಲಿಸಬೇಕು. ಕುಳಿತಿರುವಾಗಲೂ ಏದುಸಿರು, ಕೆಮ್ಮು, ಎದೆಯಲ್ಲಿ ಗೊರಗೊರ ಸದ್ದು ಕೇಳಿದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ ಎಂದರ್ಥ. ನೇರ ಗೆರೆಯ ಮೇಲೆ ನಡೆಯಲಾಗದಿದ್ದರೆ, ಮಾತು ತಡವರಿಸಿದರೆ, ಮಿದುಳು ಊದುತ್ತಿದೆ. ಈ ಎರಡು ಸ್ಥಿತಿಗಳಲ್ಲಿ ಬೆಳಗಾಗಲೆಂದು ಕಾಯುವಂತಿಲ್ಲ. ಸಿಕ್ಕ ವಾಹನದಲ್ಲಿ ಆ ಕ್ಷಣವೇ ಕೆಳಕ್ಕೆ ಹೊರಡಬೇಕು. ಆಮ್ಲಜನಕ ದೊರೆತರೆ ಕೊಡುತ್ತಲೇ ಒಯ್ಯಬೇಕು. ಅಸೆಟಜೋಲಮೈಡ್ ಮಾತ್ರೆಯಂಥವು ನೆರವಾಗುತ್ತವೆ. ಅವನ್ನು ವೈದ್ಯರ ಸಲಹೆಯಂತೆ ಊರಿನಲ್ಲಿಯೇ ನಿಶ್ಚಯಿಸಿಕೊಂಡು ಹೋಗಬೇಕು. ಮಾತ್ರೆ ನುಂಗಿದ್ದೇನೆಂದು ಏರುತ್ತ ಹೋಗುವುದು ಮಾತ್ರ ಸಲ್ಲದು.

ತಂಡಕ್ಕೆ ಒಂದೇ ನಿಯಮ ಸಾಕು. ಪ್ರತಿ ಬೆಳಗ್ಗೆ ಪ್ರತಿಯೊಬ್ಬರೂ ತಮ್ಮ ಮೈಯ ಸ್ಥಿತಿಯನ್ನು ಬಾಯಿಬಿಟ್ಟು ಹೇಳಬೇಕು. ಒಬ್ಬರು ಇಳಿಯಬೇಕಾದರೆ ಇನ್ನೊಬ್ಬರು ಜೊತೆಗೆ ಇಳಿಯಬೇಕು. ಯಾರು ಇಳಿಯಬೇಕೆಂಬುದನ್ನು ಮನಾಲಿಯಲ್ಲಿಯೇ, ಎಲ್ಲರೂ ಆರೋಗ್ಯವಾಗಿರುವಾಗಲೇ ನಿರ್ಧರಿಸಿಡಬೇಕು.

ಅನ್ನದ ಲೆಕ್ಕ

ಸವಾರ, ಸೈಕಲ್ಲು ಮತ್ತು ಸಾಮಾನು ಸೇರಿ 100 ಕಿಲೋ ಎಂದುಕೊಳ್ಳೋಣ. ಅಷ್ಟು ಭಾರವನ್ನು 1,000 ಮೀಟರ್ ಮೇಲೆತ್ತಲು ಬೇಕಾದ ಶಕ್ತಿ ಸುಮಾರು 235 ಕಿಲೋಕ್ಯಾಲರಿ. ಮಾನವನ ಸ್ನಾಯು ತಿಂದ ಅನ್ನದ ಕಾಲುಭಾಗವನ್ನಷ್ಟೇ ದುಡಿಮೆಯಾಗಿ ಮಾರ್ಪಡಿಸುತ್ತದೆ. ಉಳಿದದ್ದು ಶಾಖವಾಗಿ ಹೋಗುತ್ತದೆ. ಆದ್ದರಿಂದ ತಿನ್ನಬೇಕಾದದ್ದು ಸುಮಾರು 940 ಕಿಲೋಕ್ಯಾಲರಿ, ಎಂದರೆ ಕಾಲು ಕಿಲೋಗೂ ತುಸು ಹೆಚ್ಚು ಅಕ್ಕಿ. ಬರಿಯ ಏರಿಗೆ ಇಷ್ಟು. ಎದುರುಗಾಳಿ, ಒರಟು ರಸ್ತೆ, ಚಳಿ, ದೇಹದ ನಿತ್ಯದ ವ್ಯಯ ಇವುಗಳ ಲೆಕ್ಕ ಬೇರೆ. ಕಷ್ಟವೆಂದರೆ, ಹೆಚ್ಚು ತಿನ್ನಬೇಕಾದ ಎತ್ತರದಲ್ಲಿಯೇ ಹಸಿವು ಸಾಯುತ್ತದೆ.

ಇನ್ನೊಂದು ತೊಡಕು ಅಡುಗೆಯದು. 4,500 ಮೀಟರಿನಲ್ಲಿ ನೀರು ಸುಮಾರು 85 ಡಿಗ್ರಿಗೇ ಕುದಿಯುತ್ತದೆ. ಪ್ರೆಷರ್ ಕುಕ್ಕರಿಲ್ಲದೆ ಅಕ್ಕಿಬೇಳೆ ಬೇಯುವುದಿಲ್ಲ. ಭರತಪುರ, ಸರ್ಚು, ಪಾಂಗ್, ಡೆಬ್ರಿಂಗ್‌ಗಳಲ್ಲಿ ಬೇಸಗೆಯ ತಿಂಗಳುಗಳಲ್ಲಿ ಡೇರೆಯ ಡಾಬಾಗಳು ನಡೆಯುತ್ತವೆ. ಅಲ್ಲಿ ಕುಕ್ಕರಿನ ರಾಜ್ಮಾ, ಅನ್ನ, ದಾಲ್, ಮಲಗಲು ಕಂಬಳಿ ದೊರೆಯುತ್ತವೆ. ಇವನ್ನು ನಂಬಿ ಸಾಮಾನನ್ನು ಕಡಿಮೆ ಮಾಡಿಕೊಳ್ಳಬಹುದು. ಆದರೂ ಎರಡು ದಿನಕ್ಕಾಗುವಷ್ಟು ಒಣ ಆಹಾರ ಜೊತೆಗಿರಬೇಕು. ಹುರಿದ ಬಾರ್ಲಿಯ ಹಿಟ್ಟಾದ ತ್ಸಂಪಾ ಆ ಸೀಮೆಯವರ ಬುತ್ತಿ. ಬೇಯಿಸುವ ಗೋಜಿಲ್ಲದ ಅದರ ಹದವನ್ನು ಅರಳುಹಿಟ್ಟು ಉಂಡವರು ಬೇಗ ಅರಿಯುತ್ತಾರೆ.

ಸೈಕಲ್ಲು ಮತ್ತು ರಸ್ತೆ

ರಸ್ತೆಯ ಏರು ಲಾರಿಗಳಿಗಾಗಿ ಕಡಿದದ್ದಾದ್ದರಿಂದ ವಿಪರೀತ ಕಡಿದಾಗಿಲ್ಲ, ಉದ್ದವಾಗಿದೆ. ಮುಂದೆ 22 ಹಲ್ಲಿನ ಚಕ್ರ, ಹಿಂದೆ 34 ಹಲ್ಲಿನದು ಇದ್ದರೆ ಪೆಡಲಿನ ಒಂದು ಸುತ್ತಿಗೆ ಸೈಕಲ್ ಸುಮಾರು ಒಂದೂಕಾಲು ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ ಅರವತ್ತು ಸುತ್ತು ತುಳಿದರೆ ಗಂಟೆಗೆ ಐದು ಕಿಲೋಮೀಟರಿನ ಒಳಗೆ. ನಡಿಗೆಯ ವೇಗ. ಇದರಲ್ಲಿ ನಾಚಿಕೆಯೇನಿಲ್ಲ. ಉಸಿರು ಕಟ್ಟದೆ ಒಂದು ವಾಕ್ಯ ಮಾತನಾಡಲು ಸಾಧ್ಯವಾಗುವಷ್ಟು ನಿಧಾನವೇ ಸರಿಯಾದ ವೇಗ.

ಗಾಟಾ ತಿರುವುಗಳು ಈ ನಿಯಮದ ಪರೀಕ್ಷಾಸ್ಥಳ. ಸರ್ಚುವಿನಾಚೆ ನದಿಯ ದಂಡೆಯಿಂದ 21 ತಿರುವುಗಳಲ್ಲಿ ರಸ್ತೆ 400 ಮೀಟರಿಗೂ ಹೆಚ್ಚು ಏರುತ್ತದೆ. ತಿರುವಿನಿಂದ ತಿರುವಿಗೆ ಅಡ್ಡಹಾಯುವ ಕಾಲುದಾರಿಗಳು ಕಾಣುತ್ತವೆ. ಗುಡ್ಡಗಾಡು ಸೈಕಲ್ಲಿನ ಟೈರಿಗೆ ಅವು ಆಹ್ವಾನವಿತ್ತಂತೆಯೇ ಸರಿ. ಆದರೆ ಅವು ಸಡಿಲ ಮಣ್ಣಿನ ಗಾಯಗಳು. ಒಂದೊಂದು ಟೈರೂ ಆ ಗಾಯವನ್ನು ಕೆದಕುತ್ತದೆ.

ಇಳಿಜಾರಿನಲ್ಲಿ ಬ್ರೇಕನ್ನು ಸತತವಾಗಿ ಹಿಡಿಯದೆ ಬಿಟ್ಟು ಬಿಟ್ಟು ಹಿಡಿಯಬೇಕು. ಚಕ್ರದ ಅಂಚು ಕಾದು ಟ್ಯೂಬು ಸಿಡಿದ ನಿದರ್ಶನಗಳುಂಟು. ಹೊರಗಿನ ಒತ್ತಡ ಇಳಿದಂತೆ ಟೈರಿನೊಳಗಿನ ಗಾಳಿ ಬಿಗಿಯಾಗುತ್ತದೆಯಾದ್ದರಿಂದ ಮನಾಲಿಯಲ್ಲಿ ತುಂಬಿದಷ್ಟೇ ಇರಲೆಂದು ಬಿಡದೆ ಪರೀಕ್ಷಿಸಬೇಕು. ಹಿಮ ಕರಗಿದ ನೀರು ರಸ್ತೆಯ ಮೇಲೆಯೇ ಹರಿಯುವ ನಾಲಾಗಳು ಹಲವು. ಬೆಳಗ್ಗೆ ಮೊಣಕಾಲು ಮುಳುಗದ ನಾಲಾ ಮಧ್ಯಾಹ್ನದ ಬಿಸಿಲಿಗೆ ಉಕ್ಕುತ್ತದೆ. ಮಧ್ಯಾಹ್ನದ ಅನಂತರ ಗಾಳಿಯೂ ಎದ್ದು ಎದುರಾಗುತ್ತದೆ. ಆದುದರಿಂದ ಮುಂಜಾನೆ ಹೊರಟು ಮಧ್ಯಾಹ್ನದೊಳಗೆ ಬಿಡಾರ ಸೇರುವುದು ಈ ದಾರಿಯ ಕ್ರಮ. ಪ್ರತಿ ಸಾವಿರ ಮೀಟರಿಗೆ ಉಷ್ಣಾಂಶ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಅತಿನೇರಳೆ ಕಿರಣ ಸುಮಾರು ಹತ್ತನೆಯ ಒಂದು ಪಾಲು ಏರುತ್ತದೆ. ಮೈ ಚಳಿಗೆ ನಡುಗುತ್ತಿರುವಾಗಲೇ ಮುಖದ ಚರ್ಮ ಸುಡುವ ವಿಚಿತ್ರ ಅಲ್ಲಿಯದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಅವಧಿಯಲ್ಲಿ ಸೆಪ್ಟೆಂಬರ್ ತಿಂಗಳು ಸವಾರರಿಗೆ ಹೆಚ್ಚು ಅನುಕೂಲ. ಜುಲೈ, ಆಗಸ್ಟಿನಲ್ಲಿ ಮನಾಲಿಯ ಕಡೆ ಭೂಕುಸಿತದ ಭಯ. ಒಣ ನಾಡಾದ ಲಡಾಖಿನಲ್ಲಿಯೂ ಮಳೆಯನ್ನು ಲಘುವಾಗಿ ಕಾಣಲಾಗದು. 2010ರ ಆಗಸ್ಟ್ 5ರ ರಾತ್ರಿ ಲೇಹ್ ಸುತ್ತಮುತ್ತ ಮೇಘಸ್ಫೋಟವಾಗಿ ಕೆಸರಿನ ಪ್ರವಾಹದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಮಡಿದರು. ಮಳೆಯನ್ನೇ ಅರಿಯದ ಮಣ್ಣಿನ ಗುಡ್ಡಗಳ ಮೇಲೆ ಹುಲ್ಲಿನ ಹೊದಿಕೆ ಇಲ್ಲ. ನೀರನ್ನು ತಡೆಯುವ ಬೇರುಗಳಿಲ್ಲ.

ಟೈರಿನ ಕೆಳಗಿನ ನೆಲ

ಈಗ ಎರಡನೆಯ ಪ್ರಶ್ನೆ. ಸೈಕಲ್ಲು ಹೊಗೆಯುಗುಳದು. ಒಂದು ಡೀಸೆಲ್ ಜೀಪು ಲೀಟರಿಗೆ 12 ಕಿಲೋಮೀಟರಿನಂತೆ ಈ ದಾರಿಯನ್ನು ಕ್ರಮಿಸಿದರೆ ಸುಮಾರು 40 ಲೀಟರ್ ಉರಿದು, ನೂರು ಕಿಲೋಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಆದರೆ ಈ ಲೆಕ್ಕವನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ಸವಾರರ ಬೆನ್ನಿಗೇ ಸಾಮಾನು ಹೊತ್ತ ಬೆಂಗಾವಲು ವಾಹನವೊಂದು ತೆವಳಿಕೊಂಡು ಬರುತ್ತಿದ್ದರೆ ಲೆಕ್ಕ ಎಲ್ಲಿ ಉಳಿಯಿತು? ಊರಿನಿಂದ ದಿಲ್ಲಿಗೆ ವಿಮಾನದಲ್ಲಿ ಹಾರಿ, ಅಲ್ಲಿಂದ ಸೈಕಲ್ ತುಳಿದದ್ದನ್ನಷ್ಟೇ ಎಣಿಸುವುದೂ ಅಂಥದೇ. ರೈಲಿನಲ್ಲಿ ಪಾರ್ಸೆಲ್ ಮಾಡಿದ ಸೈಕಲ್ಲು, ಚಂಡೀಗಢದಿಂದ ಬಸ್ಸು, ತಮ್ಮ ಹೊರೆ ತಮ್ಮದೇ ಸೈಕಲ್ಲಿನ ಮೇಲೆ. ಹೀಗೆ ಹೋದಾಗ ಮಾತಿಗೆ ತೂಕ ಬರುತ್ತದೆ.

ಮಲೆನಾಡಿನಲ್ಲಿ ಬಾಳೆಹಣ್ಣಿನ ಸಿಪ್ಪೆ ಎಸೆದರೆ ಮಳೆಗಾಲ ಮುಗಿಯುವುದರೊಳಗೆ ಅದು ಮಣ್ಣು. ಶೀತಲ ಮರುಭೂಮಿಯಲ್ಲಿ ಹಾಗಾಗದು. ಕೊಳೆಯಲು ತೇವ ಬೇಕು, ಬಿಸುಪು ಬೇಕು, ಸೂಕ್ಷ್ಮಜೀವಿಗಳು ಬೇಕು. ಮೂರೂ ಅಲ್ಲಿ ಅಲ್ಪ. ಕಿತ್ತಳೆ ಸಿಪ್ಪೆ ಒಣಗಿ ವರ್ಷಗಟ್ಟಲೆ ಬಿದ್ದಿರುತ್ತದೆ. ಮಾನವ ಮಲವೂ ಅಷ್ಟೇ. ಹಿಮ ಕರಗಿದಾಗ ಅದೇ ನೀರಿಗೆ ಸೇರುತ್ತದೆ. ‘ತಾನಾಗಿ ಕರಗುವ ಕಸ’ ಎಂಬ ಮಾತಿಗೆ ಆ ಎತ್ತರದಲ್ಲಿ ಅರ್ಥವಿಲ್ಲ. ತಂದದ್ದನ್ನೆಲ್ಲ ಲೇಹ್‌ವರೆಗೆ ಹೊತ್ತೊಯ್ಯಬೇಕು.

ಗಾಟಾ ತಿರುವುಗಳ ಬಳಿ ಪುಟ್ಟ ಗುಡಿಯಂಥ ಜಾಗವೊಂದಿದೆ. ಹಿಂದೆಂದೋ ಹಿಮದಲ್ಲಿ ಸಿಕ್ಕಿಕೊಂಡು ನೀರು ನೀರೆನ್ನುತ್ತ ಪ್ರಾಣಬಿಟ್ಟ ಲಾರಿ ಕ್ಲೀನರನೊಬ್ಬನ ಆತ್ಮ ಅಲ್ಲಿದೆಯೆಂದು ಜನ ಹೇಳುತ್ತಾರೆ. ಹಾದುಹೋಗುವವರು ಅವನಿಗೆಂದು ನೀರಿನ ಬಾಟಲಿ ಇಟ್ಟು ಹೋಗುತ್ತಾರೆ. ಬಾಯಾರಿದವನ ಮೇಲಣ ಕರುಣೆ ಅಲ್ಲಿ ಪ್ಲಾಸ್ಟಿಕ್ಕಿನ ರಾಶಿಯಾಗಿ ಬೆಳೆದಿದೆ. ಭಾವ ಒಳ್ಳೆಯದು, ಬಾಟಲಿ ಉಳಿಯುತ್ತದೆ. ಪರಿಸರದ ಕೆಲಸದಲ್ಲಿರುವವರು ಮತ್ತೆ ಮತ್ತೆ ಎದುರಿಸುವ ಇಕ್ಕಟ್ಟು ಇದಕ್ಕಿಂತ ಬೇರೆಯಲ್ಲ. ಸವಾರರು ನೀರನ್ನು ಶೋಧಿಸಿ ಅಥವಾ ಕುದಿಸಿ ತಮ್ಮದೇ ಸೀಸೆಗೆ ತುಂಬಿಕೊಂಡರೆ ಹತ್ತು ದಿನದ ದಾರಿಯಲ್ಲಿ ಒಂದು ಬಾಟಲಿಯನ್ನೂ ಕೊಳ್ಳಬೇಕಿಲ್ಲ.

ಪಾಂಗ್ ದಾಟಿ ಏರಿದರೆ ಮೂರೇ ಬಯಲು. ಸುಮಾರು 4,700 ಮೀಟರ್ ಎತ್ತರದಲ್ಲಿ 40 ಕಿಲೋಮೀಟರ್ ಹರಡಿದ ಸಮತಟ್ಟು. ಬರಿಗಣ್ಣಿಗೆ ಬಂಜರು. ಬಗ್ಗಿ ನೋಡಿದರೆ ಅಂಗೈಯಗಲದ ದಿಂಬಿನಂಥ ಗಿಡಗಳು, ಚದುರಿದ ಹುಲ್ಲು, ಮುಳ್ಳುಪೊದೆ. ಇವು ಬೆಳೆಯುವುದು ವರ್ಷದ ಎರಡು ಮೂರು ತಿಂಗಳು ಮಾತ್ರ. ಚಾಂಗ್ಪಾ ಪಶುಪಾಲಕರ ಪಶ್ಮಿನಾ ಆಡುಗಳಿಗೂ ಕಿಯಾಂಗ್ ಎಂಬ ಕಾಡುಕತ್ತೆಗಳಿಗೂ ಆ ಹುಲ್ಲೇ ಆಧಾರ. ದಾರಿ ಬಿಟ್ಟು ಬಯಲಿನಲ್ಲಿ ಸೈಕಲ್ ಓಡಿಸುವ ಆಸೆ ಯಾರಿಗಾದರೂ ಹುಟ್ಟುತ್ತದೆ. ಆದರೆ ಮಳೆ ಬಂದು ಅಳಿಸದ ನೆಲದಲ್ಲಿ ಒಂದು ಟೈರಿನ ಗುರುತು ವರ್ಷಗಳ ಕಾಲ ಉಳಿಯುತ್ತದೆ. ಅದನ್ನು ಕಂಡು ಮುಂದಿನವನು ಅದರ ಮೇಲೆಯೇ ಹೋಗುತ್ತಾನೆ. ಹುಲ್ಲುಗಾವಲಿನಲ್ಲಿ ಹೊಸದೊಂದು ಹಾದಿ ಬೀಳುತ್ತದೆ. ಸಮೀಪದ ತ್ಸೋ ಕಾರ್ ಸರೋವರ ಪ್ರದೇಶ 2020ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು; ಕಪ್ಪು ಕತ್ತಿನ ಕೊಕ್ಕರೆಗಳು ಮರಿಮಾಡುವ ತಾಣವದು. ಅದರ ಜೌಗಿನೊಳಕ್ಕೆ ಚಕ್ರ ಇಳಿಯಬಾರದು.

ಸುರಂಗ, ರಸ್ತೆ, ಜನ

ರೊಹ್ತಾಂಗಿನ ಹಿಮದ ಮೇಲೆ ವಾಹನಗಳ ಮಸಿ ಕೂರುತ್ತಿರುವುದನ್ನು ಕಂಡು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2015ರಲ್ಲಿ ಅಲ್ಲಿಗೆ ಹೋಗುವ ಪ್ರವಾಸಿ ವಾಹನಗಳ ದಿನದ ಸಂಖ್ಯೆಗೆ ಮಿತಿ ಹಾಕಿತು. 2020ರ ಅಕ್ಟೋಬರ್ 3ರಂದು 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗ ತೆರೆದ ಮೇಲೆ ಲೇಹ್‌ನ ವಾಹನಗಳಿಗೆ ರೊಹ್ತಾಂಗ್ ಏರುವ ಅಗತ್ಯ ತಪ್ಪಿತು. ಹಳೆಯ ಘಾಟಿ ರಸ್ತೆ ಸೈಕಲ್ಲಿನವರಿಗೆ ಮೊದಲಿಗಿಂತ ಶಾಂತವಾಯಿತು. ಆದರೆ ಸುರಂಗದಾಚೆಯ ಲಾಹೌಲಿನ ಕಿರಿದಾದ ಕಣಿವೆಗೆ ವಾಹನಗಳ ಸಾಲೇ ಇಳಿಯತೊಡಗಿತು. ಇದನ್ನು ಬರಿಯ ಹಾನಿಯೆಂದು ಹೇಳಿಬಿಡುವುದು ನ್ಯಾಯವಲ್ಲ. ಚಳಿಗಾಲದಲ್ಲಿ ತಿಂಗಳುಗಟ್ಟಲೆ ಹೊರಜಗತ್ತಿನ ಸಂಪರ್ಕ ಕಡಿದುಕೊಂಡಿರುತ್ತಿದ್ದ ಲಾಹೌಲಿಗರಿಗೆ ಸುರಂಗ ಆಸ್ಪತ್ರೆಯ ಬಾಗಿಲು. ಅವರ ಬಟಾಣಿ, ಆಲೂಗಡ್ಡೆಗಳಿಗೆ ಮಾರುಕಟ್ಟೆಯ ಬಾಗಿಲು. ಘಾಟಿಯ ಜನರ ಕಷ್ಟವನ್ನು ಪ್ರವಾಸಿಯ ಸೌಂದರ್ಯಪ್ರಜ್ಞೆಯಿಂದ ಅಳೆಯಲಾಗದೆಂಬುದು ಮಳೆಗಾಲದಲ್ಲಿ ರಸ್ತೆ ಕುಸಿದು ಊರೊಳಗೇ ಉಳಿದ ಮಲೆನಾಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಬಾಗಿಲು ತೆರೆದ ಮೇಲೆ ಒಳಬರುವವರ ಸಂಖ್ಯೆಯನ್ನೂ ಅವರು ಬಿಟ್ಟುಹೋಗುವ ಕಸವನ್ನೂ ನಿರ್ಧರಿಸುವವರು ಯಾರು?

ಜೀಪಿನಲ್ಲಿ ಹೋಗುವವರಿಗೆ ಕಾಣದ ಒಂದು ಸಮೂಹ ಸೈಕಲ್ಲಿನವನಿಗೆ ದಿನವೂ ಕಾಣುತ್ತದೆ. ಜಾರ್ಖಂಡ್, ಬಿಹಾರ, ನೇಪಾಳಗಳಿಂದ ಬಂದ ರಸ್ತೆ ಕೂಲಿಗಳು. ಡಾಂಬರಿನ ಹೊಗೆಯಲ್ಲಿ, ಮುಖಕ್ಕೆ ಬಟ್ಟೆ ಸುತ್ತಿಕೊಂಡು, ಸವಾರನು ಉಸಿರಿಗಾಗಿ ಒದ್ದಾಡುವ ಅದೇ ಎತ್ತರದಲ್ಲಿ ಕಲ್ಲು ಒಡೆಯುತ್ತಿರುತ್ತಾರೆ. ಸವಾರನದು ಹತ್ತು ದಿನದ ಸಾಹಸ. ಅವರದು ಬೇಸಗೆಯಿಡೀ ದಿನಗೂಲಿ. ಗಂಟೆಗೆ ಐದು ಕಿಲೋಮೀಟರಿನ ವೇಗದಲ್ಲಿ ಅವರ ಮುಖ ನೋಡದೆ ಹೋಗಲಾಗುವುದಿಲ್ಲ. ನಿಂತು ಎರಡು ಮಾತಾಡಿ, ನಡೆದುಬಂದ ರಸ್ತೆ ಯಾರ ಕೈಯದೆಂದು ತಿಳಿದು ಮುಂದೆ ಹೋಗುವುದು ಆ ದಾರಿಗೆ ಸಲ್ಲಿಸಬೇಕಾದ ಕನಿಷ್ಠ ಗೌರವ.

ಮೊದಲ ಹಸುರು

ತಂಗ್ಲಾಂಗ್ ಲಾದಿಂದ ಸುಮಾರು 30 ಕಿಲೋಮೀಟರ್ ಇಳಿದರೆ ರೂಮ್‌ತ್ಸೆ, ಮುಂದೆ ಗ್ಯಾ, ಮೀರು ಎಂಬ ಹಳ್ಳಿಗಳು. ದಾರ್ಚಾ ಬಿಟ್ಟ ಮೇಲೆ ಹೊಲವನ್ನೇ ಕಾಣದ ಕಣ್ಣಿಗೆ ಅಲ್ಲಿ ಮೊದಲ ಬಾರ್ಲಿ ಗದ್ದೆ ಕಾಣಿಸುತ್ತದೆ. ಕೆಂಪು ಬೆಟ್ಟಗಳ ನಡುವೆ ಅಂಗೈಯಷ್ಟು ಹಸುರು. ಮಳೆಯಿಂದ ಬಂದ ಹಸುರಲ್ಲ ಅದು. ಮೇಲಣ ಹಿಮದ ನೀರನ್ನು ‘ಯುರಾ’ ಎಂಬ ಕಾಲುವೆಗಳಲ್ಲಿ ತಂದು, ‘ಝಿಂಗ್’ ಎಂಬ ಕೆರೆಗಳಲ್ಲಿ ರಾತ್ರಿ ತುಂಬಿಸಿ, ಹಗಲು ಹೊಲಕ್ಕೆ ಬಿಡುತ್ತಾರೆ. ಯಾರ ಹೊಲಕ್ಕೆ ಎಷ್ಟು ಹೊತ್ತು ನೀರೆಂಬುದನ್ನು ಊರವರು ನೇಮಿಸಿದ ‘ಚುರ್ಪೋನ್’ ನೋಡಿಕೊಳ್ಳುತ್ತಾನೆ. ಮನೆಯ ಒಣ ಶೌಚಾಲಯದಲ್ಲಿ ಮಣ್ಣು ಬೆರೆಸಿ ಕಳಿಸಿದ ಗೊಬ್ಬರ ಅದೇ ಹೊಲಕ್ಕೆ ಹೋಗುತ್ತದೆ. ಏನೂ ಹೊರಗೆ ಹೋಗದ, ಏನನ್ನೂ ಎಸೆಯದ ಬೇಸಾಯ. ಬೇಲಿಗೆ ನಿಂತ ಸೀಬಕ್‌ಥಾರ್ನ್ ಮುಳ್ಳುಗಿಡ ಬೇರಿನ ಗಂಟುಗಳಲ್ಲಿ ಸಾರಜನಕವನ್ನು ಹಿಡಿದು ಮಣ್ಣಿಗೂ ಉಣಿಸುತ್ತದೆ.

ಈ ಏರ್ಪಾಡಿನ ಬುಡವೇ ಈಗ ಅಲುಗುತ್ತಿದೆ. ಹಿಮನದಿಗಳು ಹಿಂದೆ ಸರಿಯುತ್ತಿವೆ. ಬಿತ್ತನೆಯ ವೇಳೆಗೆ ನೀರು ಬರುತ್ತಿಲ್ಲ. ಲಡಾಖಿನ ಎಂಜಿನಿಯರ್ ಚೆವಾಂಗ್ ನೋರ್ಫೆಲ್ ಅವರು ಚಳಿಗಾಲದ ವ್ಯರ್ಥ ನೀರನ್ನು ಹೆಪ್ಪುಗಟ್ಟಿಸಿಡುವ ಕೃತಕ ಹಿಮರಾಶಿಗಳನ್ನು ಕಟ್ಟಿಸಿದರು. 2015ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಸೋನಂ ವಾಂಗ್ಚುಕ್ ಅವರು ಅದೇ ತತ್ವವನ್ನು ಸ್ತೂಪಾಕಾರದ ಹಿಮಗೋಪುರಗಳಲ್ಲಿ ಮುಂದುವರಿಸಿದರು. ಇವು ಕೆಲವು ಹಳ್ಳಿಗಳಿಗೆ ವಸಂತದ ನೀರನ್ನು ಕೊಟ್ಟಿವೆ. ಕರಗುವ ಹಿಮಾಲಯಕ್ಕೆ ಇವೇ ಪೂರ್ಣ ಪರಿಹಾರವಲ್ಲ. ಆ ಪರಿಹಾರ ಇರುವುದು ಬಯಲಿನಲ್ಲಿ ಉರಿಯುವ ಇಂಧನವನ್ನು ತಗ್ಗಿಸುವುದರಲ್ಲಿ.

ಉಪ್‌ಶಿಯಲ್ಲಿ ಸಿಂಧೂ ನದಿ ಸಿಗುತ್ತದೆ. ಅಲ್ಲಿಂದ ಲೇಹ್‌ಗೆ ಸುಮಾರು 50 ಕಿಲೋಮೀಟರ್. ದಾರಿಯುದ್ದಕ್ಕೂ ಮಕ್ಕಳು ‘ಜುಲೇ’ ಎಂದು ಕೈಬೀಸುತ್ತಾರೆ. ಅಲ್ಲಿಗೆ ತಲುಪಿದವರು ಐದು ಘಾಟಿ ಗೆದ್ದೆವೆಂದು ಹೇಳಿಕೊಳ್ಳುವುದು ವಾಡಿಕೆ. ಘಾಟಿಯನ್ನು ಯಾರೂ ಗೆಲ್ಲುವುದಿಲ್ಲ. ಅದು ಹಾದುಹೋಗಲು ಬಿಡುತ್ತದೆ, ಅಷ್ಟೇ.

ಮಿತ್ರರೇ, ಹೊರಡಲಿರುವ ಯುವಕ ಯುವತಿಯರಲ್ಲಿ ಬಳಗವು ಕೇಳುವುದು ಮೂರೇ ಮಾತು. ಎರಡು ದಿನ ಹೆಚ್ಚು ತೆಗೆದುಕೊಳ್ಳಿ. ತಲೆನೋವನ್ನು ಮುಚ್ಚಿಡಬೇಡಿ. ಒಯ್ದದ್ದನ್ನು ಹಿಂದಕ್ಕೆ ತನ್ನಿ. ಜಿಂಗ್‌ಜಿಂಗ್‌ಬಾರ್‌ನಿಂದ ಹಿಂದಿರುಗಿ ಬಂದವರಿಗೂ ಲೇಹ್ ಮುಟ್ಟಿ ಬಂದವರಿಗೂ ಈ ಸಭೆಯಲ್ಲಿ ಒಂದೇ ಸಾಲಿನಲ್ಲಿ ಕುರ್ಚಿ ಹಾಕಲಾಗುವುದು. ಹಿಂದಿರುಗಿದವರ ಅನುಭವವನ್ನು ಮೊದಲು ಕೇಳಲಾಗುವುದು.